ಉಳಿಸಿದ ನೀರು ಎಲ್ಲಿಗೆ ಹೋಯಿತು?

ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಹಗಲಿನ ಗಲಾಟೆಯಲ್ಲಿ ಗೊತ್ತಾಗುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಟಪ್, ಟಪ್ ಅಂತ ಕೇಳಿಸುತ್ತಿತ್ತು. ಒಂದು ರಾತ್ರಿ ಎದ್ದು ಹೋಗಿ ಅದರ ಕೆಳಗೆ ಲೋಟ ಇಟ್ಟು ಗಡಿಯಾರ ನೋಡಿದೆ. ಸೆಕೆಂಡಿಗೆ ಒಂದು ಹನಿ ಬೀಳುತ್ತಿತ್ತು. ಕಾಲು ಲೀಟರಿನ ಲೋಟ ತುಂಬುವುದಕ್ಕೆ ಹೆಚ್ಚುಕಮ್ಮಿ ಒಂದೂವರೆ ಗಂಟೆ ಹಿಡಿಯಿತು. ಅಂದರೆ ದಿನಕ್ಕೆ 4 ಲೀಟರ್. ವರ್ಷಕ್ಕೆ 1,400 ಲೀಟರಿಗೂ ಜಾಸ್ತಿ.

ಮಾರನೆಯ ದಿನ ನಲ್ಲಿ ಬಿಚ್ಚಿದರೆ ಒಳಗಿನ ರಬ್ಬರ್ ವಾಶರ್ ಒಂದು ಪಕ್ಕ ಸವೆದು ಹೋಗಿತ್ತು. ಹೆಬ್ಬೆರಳಿನ ಉಗುರಿನಷ್ಟು ಅಗಲದ ತುಂಡು, ಅಷ್ಟೇ. ಹೊಸದು ಹಾಕಿದೆ, ಹನಿ ನಿಂತಿತು. ಆ ರಾತ್ರಿ ಮನೆ ನಿಶ್ಶಬ್ದವಾಗಿತ್ತು. ಆದರೆ ನನಗೆ ನಿದ್ದೆ ಬರಲಿಲ್ಲ, ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತ್ತು. ನಾನು ಉಳಿಸಿದ ಆ 4 ಲೀಟರ್ ಈಗ ಎಲ್ಲಿದೆ? ನದಿಯಲ್ಲಿ ಉಳಿಯಿತಾ? ಭೂಮಿಯೊಳಗೆ ಉಳಿಯಿತಾ? ಅಥವಾ ಬೇರೆ ಯಾರೋ ಅದನ್ನು ಬಳಸಿಕೊಂಡು ಆಯಿತಾ?

ಈ ಪ್ರಶ್ನೆ ಹಿಡಿದುಕೊಂಡು ಓದುತ್ತಾ ಹೋದೆ. ನೀರಿನ ಬಳಕೆಯ ಲೆಕ್ಕ ಇಡುವವರೆಲ್ಲ ಸಾಮಾನ್ಯವಾಗಿ ಮೂರು ಕಾಲಂ ಹಾಕುತ್ತಾರೆ. ಬೇಸಾಯ, ಕೈಗಾರಿಕೆ, ಮನೆ. ಇಡೀ ಜಗತ್ತಿನ ಲೆಕ್ಕದಲ್ಲಿ ನದಿ, ಕೆರೆ, ಬಾವಿಗಳಿಂದ ಎತ್ತುವ ಸಿಹಿನೀರಿನಲ್ಲಿ ಶೇ 70ರಷ್ಟು ಹೊಲಗದ್ದೆಗಳಿಗೆ ಹೋಗುತ್ತದೆ. ಉಳಿದದ್ದರಲ್ಲಿ ಕೈಗಾರಿಕೆಯದು ಸ್ವಲ್ಪ ದೊಡ್ಡ ಪಾಲು, ಮನೆಗಳದು ಎಲ್ಲಕ್ಕಿಂತ ಚಿಕ್ಕದು. ನಲ್ಲಿ ಸರಿಯಾಗಿ ಮುಚ್ಚಿ ಅಂತ ನಾವು ಮಕ್ಕಳಿಗೆ ಹೇಳುವುದು ಈ ಅತಿ ಚಿಕ್ಕ ಕಾಲಂನ ಮಾತು.

ಒಂದು ಹತ್ತಿ ಅಂಗಿಯ ಹಿಂದೆ ಸುಮಾರು 2,500 ಲೀಟರ್ ನೀರು ಇರುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಬೆಳೆ ಕುಡಿದ ಮಳೆನೀರೂ ಅದರಲ್ಲಿ ಸೇರಿದೆ. ಹಾಗಿದ್ದರೂ ಯೋಚನೆ ಮಾಡಿ, ನನ್ನ ನಲ್ಲಿ ವರ್ಷವಿಡೀ ಸೋರಿದ್ದರೂ ಒಂದು ಅಂಗಿಯ ಲೆಕ್ಕ ಮುಟ್ಟುತ್ತಿರಲಿಲ್ಲ.

ಈ ಮೂರು ಕಾಲಂಗಳು ಮೊದಲಿನಿಂದ ಹೀಗೇ ಇರಲಿಲ್ಲ. 1900ರ ಸುಮಾರಿಗೆ ಇಡೀ ಜಗತ್ತು ವರ್ಷಕ್ಕೆ ಎತ್ತುತ್ತಿದ್ದ ನೀರು 600 ಘನ ಕಿಲೋಮೀಟರಿನ ಆಸುಪಾಸು. ಈಗ ಅದು 4,000ದ ಹತ್ತಿರ ಇದೆ. ಇಷ್ಟು ಕಾಲದಲ್ಲಿ ಜನಸಂಖ್ಯೆ ಐದು ಪಟ್ಟು ಆಯಿತು, ನೀರು ಆರು ಪಟ್ಟನ್ನೂ ದಾಟಿತು. ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಅಣೆಕಟ್ಟು, ಡೀಸೆಲ್ ಪಂಪು, ಕರೆಂಟಿನ ಪಂಪು, ಹೊಸ ತಳಿಗಳು ಎಲ್ಲ ಒಟ್ಟೊಟ್ಟಿಗೆ ಬಂದವು. ನೀರಾವರಿ ಜಮೀನು 1961ರಿಂದ ಈಚೆಗೆ ಎರಡು ಪಟ್ಟಿಗೂ ಜಾಸ್ತಿ ಆಗಿದೆ. ಜಗತ್ತಿನ ಸಾಗುವಳಿ ಭೂಮಿಯಲ್ಲಿ ಐದನೇ ಒಂದು ಭಾಗಕ್ಕೆ ಮಾತ್ರ ನೀರಾವರಿ ಇದೆ. ಅಷ್ಟರಿಂದಲೇ ಒಟ್ಟು ಆಹಾರದ ಶೇ 40ರಷ್ಟು ಬರುತ್ತದೆ. ಹಾಗಾಗಿ ಬೇಸಾಯದ ಕಾಲಂ ನೋಡಿ ರೈತರನ್ನು ಬೈಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ನೀರು ರೈತನ ಮನೆಯ ಹಂಡೆಗೆ ಹೋಗಲಿಲ್ಲ. ನಮ್ಮೆಲ್ಲರ ತಟ್ಟೆಗೆ ಬಂತು.

ಇಷ್ಟು ಓದುವಾಗ ಮನಸ್ಸು ಭಾರವಾಗಿತ್ತು. ಆಮೇಲೆ ಅಮೆರಿಕದ ಲೆಕ್ಕ ಸಿಕ್ಕಿತು. ಅಲ್ಲಿನ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ 1950ರಿಂದ ಐದೈದು ವರ್ಷಕ್ಕೊಮ್ಮೆ ದೇಶದ ನೀರಿನ ಬಳಕೆಯ ಅಂದಾಜು ಬರೆದಿಡುತ್ತಾ ಬಂದಿದೆ. 1950ರಿಂದ 1980ರವರೆಗೆ ಅಂಕಿ ಏರುತ್ತಲೇ ಹೋಗುತ್ತದೆ. ಜನ ಜಾಸ್ತಿಯಾದರೆ, ಹಣ ಜಾಸ್ತಿಯಾದರೆ ನೀರೂ ಜಾಸ್ತಿ ಬೇಕು ಅಂತ ಆಗ ಎಲ್ಲರೂ ನಂಬಿದ್ದರು. 1980ರಲ್ಲಿ ಆ ಏರಿಕೆ ನಿಂತಿತು. 2015ರ ಹೊತ್ತಿಗೆ ಒಟ್ಟು ಬಳಕೆ 1980ಕ್ಕಿಂತ ಕಾಲು ಭಾಗದಷ್ಟು ಕಡಿಮೆಯಾಗಿತ್ತು. ಅದೇ ಹೊತ್ತಿನಲ್ಲಿ ಸುಮಾರು 9 ಕೋಟಿ ಜನ ಜಾಸ್ತಿಯಾಗಿದ್ದರು. ಜನ ಹೆಚ್ಚಿದರೂ ನೀರು ಇಳಿಯಬಹುದು ಅಂತ ಅಂಕಿಯಲ್ಲೇ ಕಂಡಾಗ ನನಗೆ ನಿಜವಾಗಿ ಖುಷಿಯಾಯಿತು.

ಇಳಿದದ್ದು ಹೇಗೆ? ದೊಡ್ಡ ಪಾಲು ವಿದ್ಯುತ್ ಸ್ಥಾವರಗಳದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಲ್ಲಿದ್ದಲು, ಅನಿಲ, ಅಣು, ಯಾವುದೇ ಆಗಲಿ, ಶಾಖದಿಂದ ಕರೆಂಟು ಮಾಡುವ ಕಡೆ ಹಬೆ ಟರ್ಬೈನನ್ನು ತಿರುಗಿಸುತ್ತದೆ. ಆ ಹಬೆಯನ್ನು ಮತ್ತೆ ತಣ್ಣಗೆ ಮಾಡಿ ನೀರಾಗಿಸಬೇಕು. ಹಳೆಯ ಸ್ಥಾವರಗಳು ಇದಕ್ಕೆ ಪಕ್ಕದ ನದಿಯ ನೀರನ್ನು ಒಂದು ಕಡೆಯಿಂದ ಎಳೆದುಕೊಂಡು, ಕೊಳವೆಗಳ ಮೇಲೆ ಹಾಯಿಸಿ, ಬೆಚ್ಚಗಾದ ಮೇಲೆ ಇನ್ನೊಂದು ಕಡೆಯಿಂದ ನದಿಗೇ ಬಿಡುತ್ತಿದ್ದವು. 1950ರಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 240 ಲೀಟರಿನಷ್ಟು ನೀರು ಹೀಗೆ ಹಾದುಹೋಗುತ್ತಿತ್ತು. 2015ಕ್ಕೆ ಅದು 57 ಲೀಟರಿಗೆ ಬಂತು. 1972ರ ಶುದ್ಧ ನೀರು ಕಾಯ್ದೆಯ ನಂತರ ಹೊಸ ಸ್ಥಾವರಗಳು ಕೂಲಿಂಗ್ ಟವರ್ ಕಟ್ಟಿಕೊಂಡು ಅದೇ ನೀರನ್ನು ಸುತ್ತಿಸಿ ಸುತ್ತಿಸಿ ಬಳಸತೊಡಗಿದವು.

ನನ್ನ ಪ್ರಶ್ನೆಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲೇ. ಹಳೆಯ ಸ್ಥಾವರ ಎತ್ತುತ್ತಿದ್ದ ನೀರು ಬಹುಪಾಲು ನದಿಗೆ ವಾಪಸ್ ಹೋಗುತ್ತಿತ್ತು. ಬೆಚ್ಚಗಾಗಿ ಹೋಗುತ್ತಿತ್ತು, ಮೀನುಗಳಿಗೆ ತೊಂದರೆ ಆಗುತ್ತಿತ್ತು, ಆ ಮಾತು ಬೇರೆ. ಆದರೆ ನೀರು ನದಿಯಲ್ಲೇ ಇರುತ್ತಿತ್ತು. ಕೂಲಿಂಗ್ ಟವರ್ ಎತ್ತುವುದು ತುಂಬಾ ಕಡಿಮೆ, ಆದರೆ ಎತ್ತಿದ್ದರಲ್ಲಿ ಹೆಚ್ಚಿನದು ಆವಿಯಾಗಿ ಆಕಾಶಕ್ಕೆ ಹೋಗುತ್ತದೆ. ಅಂದರೆ ಎತ್ತಿದ ನೀರು ಬೇರೆ, ಕಳೆದುಹೋದ ನೀರು ಬೇರೆ. ಲೆಕ್ಕದ ಪುಸ್ತಕದಲ್ಲಿ ದೊಡ್ಡದಾಗಿ ಕಾಣುವುದು ಎತ್ತಿದ ನೀರು. ನದಿಯ ಪಾಲಿಗೆ ಮುಖ್ಯವಾದದ್ದು ವಾಪಸ್ ಬಾರದ ನೀರು. ಈ ಎರಡನೇ ಲೆಕ್ಕದಲ್ಲಿ ಬೇಸಾಯದ ಪಾಲು ಶೇ 70 ಅಲ್ಲ, ಶೇ 85ನ್ನೂ ದಾಟುತ್ತದೆ. ಯಾಕೆಂದರೆ ಬೆಳೆ ಕುಡಿದ ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ. ನಾವು ಸ್ನಾನ ಮಾಡಿದ ನೀರು ಕೊಳಕಾದರೂ ಚರಂಡಿಯಲ್ಲಿ ನೀರಾಗಿಯೇ ಇರುತ್ತದೆ.

ಕಾರ್ಖಾನೆಗಳ ಕಥೆ ಹೆಚ್ಚು ಹೇಳುವುದಿಲ್ಲ. 1930ರ ದಶಕದಲ್ಲಿ ಒಂದು ಟನ್ ಉಕ್ಕಿಗೆ 200 ಟನ್‌ವರೆಗೂ ನೀರು ಬೇಕಾಗುತ್ತಿತ್ತು. ನೀರನ್ನು ಮರುಬಳಸುವ ಈಗಿನ ಒಳ್ಳೆಯ ಕಾರ್ಖಾನೆಗಳಿಗೆ ಮೂರು ನಾಲ್ಕು ಟನ್ ಸಾಕು. ಕೊಳಕು ನೀರನ್ನು ಹಾಗೇ ನದಿಗೆ ಬಿಡಬೇಡಿ ಅಂತ ಕಾನೂನು ಬಂತು. ಹೇಗಿದ್ದರೂ ಶುದ್ಧ ಮಾಡಲೇಬೇಕು ಅಂದಾಗ ಶುದ್ಧ ಮಾಡಿದ್ದನ್ನು ಮತ್ತೆ ಬಳಸುವುದೇ ಲಾಭ ಅಂತ ಕಾರ್ಖಾನೆಗಳಿಗೂ ಗೊತ್ತಾಯಿತು. ಇದರಲ್ಲಿ ಒಂದು ಮಾತು ಮಾತ್ರ ಮರೆಯಬಾರದು. ಶ್ರೀಮಂತ ದೇಶಗಳ ಕೈಗಾರಿಕಾ ಕಾಲಂ ಇಳಿದದ್ದಕ್ಕೆ ಕಾರ್ಖಾನೆಗಳೇ ಬೇರೆ ದೇಶಕ್ಕೆ ಹೋದದ್ದೂ ಒಂದು ಕಾರಣ. ಅಂಥ ಕಡೆ ನೀರು ಉಳಿಯಲಿಲ್ಲ, ಖರ್ಚಾಗುವ ಜಾಗ ಬದಲಾಯಿತು.

ಮನೆಗಳ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ನ್ಯೂಯಾರ್ಕ್ ನಗರದ ಕಥೆ. 1980ರ ಹೊತ್ತಿಗೆ ಆ ನಗರ ದಿನಕ್ಕೆ ಸುಮಾರು 570 ಕೋಟಿ ಲೀಟರ್ ಬಳಸುತ್ತಿತ್ತು. ಹೊಸ ಅಣೆಕಟ್ಟು ಬೇಕಾಗಬಹುದು ಅನ್ನುವ ಚರ್ಚೆಯೂ ಇತ್ತು. ಅದರ ಬದಲು ನಗರದವರು ಮನೆಮನೆಗೆ ಮೀಟರ್ ಹಾಕಿದರು, ಸೋರುವ ಕೊಳವೆ ಹುಡುಕಿ ಮುಚ್ಚಿದರು. 1994ರಿಂದ 1997ರವರೆಗೆ ಹಳೆಯ ಟಾಯ್ಲೆಟ್ ಬದಲಾಯಿಸುವವರಿಗೆ ಹಣ ಕೊಟ್ಟರು. ಮೂರು ವರ್ಷದಲ್ಲಿ 13 ಲಕ್ಷ ಟಾಯ್ಲೆಟ್ ಬದಲಾದವು. ಹಳೆಯವು ಒಂದು ಸಲ ಫ್ಲಶ್ ಮಾಡಿದರೆ 13ರಿಂದ 20 ಲೀಟರ್ ಸುರಿಯುತ್ತಿದ್ದವು. ಹೊಸವಕ್ಕೆ 6 ಲೀಟರ್ ಸಾಕು. 2020ರ ಹೊತ್ತಿಗೆ ಆ ನಗರದಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಜಾಸ್ತಿಯಾಗಿದ್ದರು, ದಿನದ ಬಳಕೆ ಮಾತ್ರ 380 ಕೋಟಿ ಲೀಟರಿನ ಹತ್ತಿರಕ್ಕೆ ಇಳಿದಿತ್ತು. ಯಾರೂ ಬಾಯಾರಿಕೆಯಿಂದ ಇರಬೇಕಾಗಲಿಲ್ಲ. ಲಾಸ್ ಏಂಜಲೀಸ್ ಕೂಡ 1970ಕ್ಕಿಂತ 10 ಲಕ್ಷ ಜನ ಹೆಚ್ಚಿದ್ದರೂ ಆಗಿನಕ್ಕಿಂತ ಕಡಿಮೆ ನೀರು ಬಳಸುತ್ತಿದೆ.

ಆದರೆ ಮನೆಗಳ ಕಾಲಂ ಎಲ್ಲ ಕಡೆಯೂ ಇಳಿಯಲಿ ಅಂತ ನಾನು ಬಯಸುವುದಿಲ್ಲ. 2022ರ ಲೆಕ್ಕದಂತೆ ಜಗತ್ತಿನಲ್ಲಿ 220 ಕೋಟಿ ಜನಕ್ಕೆ ಮನೆಯಲ್ಲೇ, ಬೇಕೆಂದಾಗ ಸಿಗುವ ಸುರಕ್ಷಿತ ಕುಡಿಯುವ ನೀರಿಲ್ಲ. 180 ಕೋಟಿ ಜನ ಮನೆಯಾಚೆಯಿಂದ ನೀರು ತರಬೇಕು. ಅಂಥ ಹತ್ತು ಮನೆಗಳಲ್ಲಿ ಏಳರಲ್ಲಿ ಹೊರುವವರು ಹೆಂಗಸರು, ಹೆಣ್ಣುಮಕ್ಕಳು. ನೀರು ಹೊತ್ತು ತರುವ ಮನೆಯ ಬಳಕೆ ಅಂಕಿಯಲ್ಲಿ ತುಂಬಾ ಮಿತವಾಗಿ ಕಾಣುತ್ತದೆ. ಅದು ಉಳಿತಾಯ ಅಲ್ಲ, ಕೊರತೆ. ಆ ಮನೆಗಳ ಬಳಕೆ ಏರಲೇಬೇಕು, ಬೇಗ ಏರಬೇಕು.

ಈಗ ಹೊಲಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ದಿನ ನಾನು ಓದಿದ್ದು ಇದನ್ನೇ.

ಹನಿ ನೀರಾವರಿಯ ಕಥೆ ಶುರುವಾಗುವುದೂ ಒಂದು ಸೋರಿಕೆಯಿಂದ. 1930ರ ದಶಕದಲ್ಲಿ ಸಿಮ್ಚಾ ಬ್ಲಾಸ್ ಅನ್ನುವ ಎಂಜಿನಿಯರಿಗೆ ಸಾಲಿನಲ್ಲಿದ್ದ ಒಂದು ಮರ ಮಾತ್ರ ಉಳಿದವಕ್ಕಿಂತ ಎತ್ತರ ಬೆಳೆದದ್ದು ಕಂಡಿತು. ಅದರ ಬೇರಿನ ಹತ್ತಿರ ಕೊಳವೆಯೊಂದು ಹನಿ ಹನಿಯಾಗಿ ಸೋರುತ್ತಿತ್ತು. ಮೇಲೆ ನೆಲ ಒಣಗಿದಂತೆ ಕಂಡರೂ ಒಳಗೆ ತೇವ ಇತ್ತು. ಪ್ಲಾಸ್ಟಿಕ್ ಕೊಳವೆ ಅಗ್ಗವಾಗಿ ಸಿಗುವ ಕಾಲ ಬಂದ ಮೇಲೆ, 1960ರ ದಶಕದಲ್ಲಿ, ಇಸ್ರೇಲಿನಲ್ಲಿ ಆ ಯೋಚನೆ ಉಪಕರಣವಾಯಿತು. ಅಲ್ಲಿ ಈಗ ಚರಂಡಿ ನೀರನ್ನೂ ಶುದ್ಧ ಮಾಡಿ ಬಹುಪಾಲು ಹೊಲಕ್ಕೇ ಕೊಡುತ್ತಾರೆ.

ಹನಿ ನೀರಾವರಿ ಬಂದರೆ ನೀರು ಉಳಿಯುತ್ತದೆ ಅಂತ ನಾನೂ ನಂಬಿದ್ದೆ. ಒಂದು ಹೊಲದ ಅಂಚಿನಲ್ಲಿ ನಿಂತು ನೋಡಿದರೆ ಅದು ನಿಜವೇ. ಸಾಲಿನಲ್ಲಿ ನೀರು ಹಾಯಿಸಿದರೆ ಅರ್ಧಕ್ಕರ್ಧ ಇಂಗುತ್ತದೆ, ಕೆಳಗಿನ ಬದುವಿನಿಂದ ಬಸಿದು ಹೋಗುತ್ತದೆ. ಇದನ್ನು ಪೋಲು ಅನ್ನುತ್ತೇವೆ. ಆದರೆ ಇಂಗಿದ ನೀರು ಕೆಳಗಿನ ಬಾವಿಯ ಒರತೆಯಾಗುತ್ತದೆ. ಬಸಿದದ್ದು ಹಳ್ಳ ಸೇರುತ್ತದೆ. ಆ ಹಳ್ಳದ ಪಕ್ಕ ಇನ್ನೊಬ್ಬ ರೈತ ಇರುತ್ತಾನೆ. ಮೇಲಿನ ಹೊಲದವನು ಹನಿ ಪೈಪು ಹಾಕಿಸಿ, ಉಳಿದ ನೀರಿನಲ್ಲಿ ಇನ್ನೆರಡು ಎಕರೆ ಬೆಳೆ ಇಟ್ಟರೆ ಕೆಳಗಿನವನ ಒರತೆ ಬತ್ತುತ್ತದೆ. ಇಬ್ಬರೂ ತಪ್ಪು ಮಾಡಿಲ್ಲ. ಮೊದಲು ಮಣ್ಣಿಗೆ ವಾಪಸ್ ಹೋಗುತ್ತಿದ್ದ ನೀರು ಈಗ ಎಲೆಯಿಂದ ಆವಿಯಾಗಿ ಹೋಗುತ್ತಿದೆ. ಅಷ್ಟೇ ಆದದ್ದು.

ಅಮೆರಿಕದ ಕ್ಯಾನ್ಸಸ್ ಬಯಲಿನಲ್ಲಿ ಇದು ಅಳತೆಗೆ ಸಿಕ್ಕಿತು. ಅಲ್ಲಿ ಒಗಲ್ಲಾಲಾ ಅನ್ನುವ ದೊಡ್ಡ ಅಂತರ್ಜಲ ಪದರ ಇದೆ. ಉದ್ದನೆಯ ಕೊಳವೆಯ ತೋಳು ಗಡಿಯಾರದ ಮುಳ್ಳಿನ ಹಾಗೆ ಹೊಲದ ಮೇಲೆ ಸುತ್ತುತ್ತಾ ನೀರು ಚಿಮುಕಿಸುತ್ತದೆ. ನೀರು ಗಾಳಿಗೆ ಹಾರಿಹೋಗದಂತೆ ಅದರ ನಳಿಕೆಗಳನ್ನು ಬೆಳೆಯ ಹತ್ತಿರಕ್ಕೆ ಇಳಿಬಿಡಲು ಸರ್ಕಾರ ಸಹಾಯಧನ ಕೊಟ್ಟಿತು. ಪಂಪು ಎತ್ತುವ ನೀರು ಅದರಿಂದ ಕಡಿಮೆಯಾಗಲಿಲ್ಲ, ಸ್ವಲ್ಪ ಜಾಸ್ತಿಯೇ ಆಯಿತು ಅಂತ ಸಂಶೋಧಕರು ಕಂಡರು. ನೀರು ಚೆನ್ನಾಗಿ ಕೆಲಸಕ್ಕೆ ಬಂತು, ಹಾಗಾಗಿ ರೈತರು ಹೆಚ್ಚು ನೀರು ಕೇಳುವ ಬೆಳೆಗೆ ಹೋದರು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಅದೇ ಕ್ಯಾನ್ಸಸ್‌ನ ಶೆರಿಡನ್ ಕೌಂಟಿಯ ಸುತ್ತಮುತ್ತ ಒಂದಷ್ಟು ರೈತರು 2013ರಲ್ಲಿ ಬೇರೆ ದಾರಿ ಹಿಡಿದರು. ತಾವೇ ಕೂತು ಮಾತಾಡಿ, ನೀರಾವರಿಯ ಪ್ರತಿ ಎಕರೆಗೆ ಐದು ವರ್ಷಕ್ಕೆ ಒಟ್ಟು, ಮಳೆ ಅಳೆಯುವ ಹಾಗೆ, 55 ಇಂಚು ನೀರು ಅಂತ ಮಿತಿ ಹಾಕಿಕೊಂಡರು. ಮಳೆ ಬಂದ ವರ್ಷ ಉಳಿಸಿ, ಬಾರದ ವರ್ಷ ಬಳಸಬಹುದು. ಒಟ್ಟು ಮಾತ್ರ ಮೀರುವ ಹಾಗಿಲ್ಲ. ಬಳಕೆಯನ್ನು ಶೇ 20ರಷ್ಟು ತಗ್ಗಿಸುವುದು ಗುರಿ, ಅದಕ್ಕಿಂತಲೂ ಹೆಚ್ಚೇ ತಗ್ಗಿತು. ಅಂತರ್ಜಲ ಇಳಿಯುವ ವೇಗ ನಿಧಾನವಾಯಿತು. ಆದಾಯಕ್ಕೂ ಅಂಥ ಪೆಟ್ಟು ಬೀಳಲಿಲ್ಲ. ಪೈಪು, ನಳಿಕೆ ಎಲ್ಲ ಕಡೆಯೂ ಒಂದೇ. ಇಲ್ಲಿ ಜಾಸ್ತಿ ಇದ್ದದ್ದು ಒಟ್ಟು ಎಷ್ಟು ಅನ್ನುವ ಗೆರೆ. ಆ ಗೆರೆ ಇದ್ದರೆ ಉಳಿಸಿದ ನೀರು ಉಳಿಯುತ್ತದೆ, ಇಲ್ಲದಿದ್ದರೆ ಇನ್ನೊಂದು ಎಕರೆಗೆ ಹರಿಯುತ್ತದೆ. ನನ್ನ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉತ್ತರ ಎಲ್ಲೂ ಸಿಕ್ಕಿಲ್ಲ.

ಗೆರೆಯೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅರಲ್ ಸಮುದ್ರ ಇದೆ. 1960ರಲ್ಲಿ ಅದು ಜಗತ್ತಿನ ನಾಲ್ಕನೇ ದೊಡ್ಡ ಸರೋವರ, 68,000 ಚದರ ಕಿಲೋಮೀಟರ್. ಅದಕ್ಕೆ ನೀರು ತರುತ್ತಿದ್ದ ಆಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಸೋವಿಯತ್ ಆಡಳಿತ ಹತ್ತಿ ಹೊಲಗಳ ಕಡೆ ತಿರುಗಿಸಿತು. 2007ರ ಹೊತ್ತಿಗೆ ಉಳಿದದ್ದು ಹತ್ತನೇ ಒಂದು ಭಾಗ. ಮೊಯ್ನಾಕ್ ಅನ್ನುವ ಮೀನುಗಾರಿಕೆಯ ಊರಿನಿಂದ ದಡವೇ ದೂರ ಹೋಯಿತು, ದೋಣಿಗಳು ಮರಳಿನ ಮೇಲೆ ತುಕ್ಕು ಹಿಡಿದವು. ಆ ಫೋಟೊಗಳನ್ನು ನೋಡುವಾಗೆಲ್ಲ ನನಗೆ ಬಟ್ಟೆಯ ಕಪಾಟು ನೆನಪಾಗುತ್ತದೆ. ಆ ಸಮುದ್ರ ಜಗತ್ತಿನ ಯಾವುಯಾವುದೋ ಮನೆಗಳಲ್ಲಿ ಅಂಗಿಯಾಗಿ ಮಡಚಿಕೊಂಡು ಕೂತಿದೆ. 2005ರಲ್ಲಿ ಕಜಕಸ್ತಾನ ಉತ್ತರದ ತುಂಡಿಗೆ ಒಂದು ಒಡ್ಡು ಕಟ್ಟಿತು. ಆ ತುಂಡಿನಲ್ಲಿ ನೀರು ಏರಿತು, ಉಪ್ಪಿನಂಶ ಇಳಿಯಿತು, ಮೀನು ವಾಪಸ್ ಬಂತು.

ನೀರು ಸಾಕಾಗದೇ ಹೋದಾಗ ಯಾರ ಕಾಲಂ ಮೊದಲು ಖಾಲಿಯಾಗುತ್ತದೆ? 2021ರಲ್ಲಿ ತೈವಾನ್ 56 ವರ್ಷಗಳಲ್ಲೇ ದೊಡ್ಡ ಬರ ಕಂಡಿತು. ಹಿಂದಿನ ವರ್ಷ ಒಂದೂ ಚಂಡಮಾರುತ ದಡ ಮುಟ್ಟಿರಲಿಲ್ಲ. ಸರ್ಕಾರ ಸುಮಾರು 74,000 ಹೆಕ್ಟೇರ್ ಹೊಲಗಳಿಗೆ ನೀರು ನಿಲ್ಲಿಸಿ ರೈತರಿಗೆ ಪರಿಹಾರ ಕೊಟ್ಟಿತು. ಕಂಪ್ಯೂಟರ್ ಚಿಪ್ ಕಾರ್ಖಾನೆಗಳ ಕೆಲಸ ನಿಲ್ಲಲಿಲ್ಲ, ಟ್ಯಾಂಕರುಗಳಲ್ಲೂ ನೀರು ಹೋಯಿತು. ಚಿಪ್‌ನ ಬಿಲ್ಲೆಗಳನ್ನು ಮತ್ತೆ ಮತ್ತೆ ಅತಿ ಶುದ್ಧ ನೀರಿನಲ್ಲಿ ತೊಳೆಯಬೇಕು. ಈ ಸಾಲು ಬರೆಯುತ್ತಿರುವ ನನ್ನ ಲ್ಯಾಪ್‌ಟಾಪಿನ ಒಳಗೂ ಅಂಥ ಚಿಪ್ ಇದೆ. ಈಗ ಡೇಟಾ ಸೆಂಟರುಗಳೂ ತಂಪಾಗುವುದಕ್ಕೆ ನೀರು ಕೇಳುತ್ತಿವೆ. ಜಗತ್ತಿನ ಒಟ್ಟು ಲೆಕ್ಕದಲ್ಲಿ ಅವುಗಳ ಪಾಲು ಚಿಕ್ಕದು. ಆದರೆ ಅವು ನೀರು ಎತ್ತುವುದು ಇಡೀ ಜಗತ್ತಿನಿಂದ ಅಲ್ಲ, ಒಂದು ಊರಿನ ಒಂದು ಕೊಳವೆಯಿಂದ. ಸಿಂಗಪುರದಲ್ಲಿ ಇಂಥ ಬೇಡಿಕೆಗೆ 2003ರಿಂದ ಚರಂಡಿ ನೀರನ್ನೇ ಸೂಕ್ಷ್ಮವಾಗಿ ಸೋಸಿ ಕೊಡುತ್ತಿದ್ದಾರೆ. ಎಲ್ಲ ಕಡೆಯೂ ಮಾಡಬೇಕಾದ ಕೆಲಸ ಅದು.

ಕೇಪ್‌ಟೌನ್‌ನಲ್ಲಿ ಇನ್ನೊಂದು ರೀತಿ ಆಯಿತು. 2018ರಲ್ಲಿ ನಲ್ಲಿಗಳೇ ಬಂದ್ ಆಗುವ ದಿನ ಹತ್ತಿರ ಬಂದಿತ್ತು. ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದರು. ಆಗ ಪಕ್ಕದ ಎಲ್ಗಿನ್ ಕಣಿವೆಯ ರೈತರು ತಮ್ಮ ಜಲಾಶಯಗಳಿಂದ 1,000 ಕೋಟಿ ಲೀಟರ್ ನೀರನ್ನು ನಗರಕ್ಕೆ ಬಿಟ್ಟರು. ಹಣ್ಣಿನ ತೋಟಗಳ ಜನ, ಅವರಿಗೂ ಬರವೇ. ಆ ಸುದ್ದಿ ಓದಿ ನನ್ನ ಕಣ್ಣು ಒದ್ದೆಯಾಗಿತ್ತು. ನಗರದ ಉಳಿತಾಯದ ಬಗ್ಗೆ ಬಂದಷ್ಟು ಬರಹ ಆ ರೈತರ ಬಗ್ಗೆ ಬರಲಿಲ್ಲ. ಬರಬೇಕಿತ್ತು ಅಲ್ವಾ?

ಇಷ್ಟೆಲ್ಲ ಓದಿದ ಮೇಲೂ ಆ ಮೂರು ಕಾಲಂಗಳ ಹಾಳೆ ನನ್ನನ್ನು ಕಾಡುತ್ತಲೇ ಇತ್ತು. ಬೇಸಾಯ, ಕೈಗಾರಿಕೆ, ಮನೆ. ಒಂದರಲ್ಲಿ ಉಳಿದದ್ದು ಇನ್ನೊಂದಕ್ಕೆ ಹೋಗುತ್ತದೆ. ನದಿಗೆ ಅಂತ ಕಾಲಂ ಎಲ್ಲಿದೆ? ಆಸ್ಟ್ರೇಲಿಯಾದಲ್ಲಿ ದೀರ್ಘ ಬರದ ನಡುವೆ 2007ರಲ್ಲಿ ಒಂದು ಕಾನೂನು ಬಂತು. ಮರ್ರೆ-ಡಾರ್ಲಿಂಗ್ ನದಿಗಳಿಗಾಗಿ ನೀರಿನ ಹಕ್ಕನ್ನು ಇಟ್ಟುಕೊಳ್ಳುವುದೇ ಕೆಲಸವಾದ ಒಂದು ಸರ್ಕಾರಿ ಹುದ್ದೆ ಅದರಿಂದ ಹುಟ್ಟಿತು. ಅಲ್ಲಿ ಇವತ್ತಿಗೂ ಜಗಳ ನಿಂತಿಲ್ಲ. ಆದರೂ ನದಿಯ ಹೆಸರಿನಲ್ಲಿ ಒಂದು ಸಾಲು ಬರೆಯಲಾಗಿದೆ.

ಇನ್ನೊಂದು ಕೊಲೊರಾಡೊ ನದಿ. ಏಳು ರಾಜ್ಯಗಳು 1922ರಲ್ಲೇ ಅದರ ನೀರನ್ನು ಹಂಚಿಕೊಂಡವು, ಆಮೇಲೆ ಮೆಕ್ಸಿಕೊಗೂ ಒಂದು ಪಾಲು ಆಯಿತು. ಹೊಲ, ನಗರ, ಮೇವಿನ ಬೆಳೆ ಎಲ್ಲಕ್ಕೂ ಹಂಚಿ, 1960ರ ದಶಕದಿಂದ ಆ ನದಿ ಸಮುದ್ರ ಮುಟ್ಟುವುದೇ ಅಪರೂಪವಾಯಿತು. 2012ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ಒಂದು ಒಪ್ಪಂದ ಮಾಡಿಕೊಂಡು ನದಿಗೇ ಅಂತ ಸ್ವಲ್ಪ ನೀರು ಬರೆದಿಟ್ಟವು. 2014ರ ಮಾರ್ಚ್ 23ರಂದು ಮೊರೆಲೋಸ್ ಅಣೆಕಟ್ಟಿನ ಬಾಗಿಲು ತೆರೆಯಿತು. ಎಂಟು ವಾರ, ಒಟ್ಟು 13 ಕೋಟಿ ಘನ ಮೀಟರ್. ನದಿಯ ವರ್ಷದ ಹರಿವಿನಲ್ಲಿ ನೂರರಲ್ಲಿ ಒಂದು ಪಾಲೂ ಅಲ್ಲ.

ಸ್ಯಾನ್ ಲೂಯಿಸ್ ರಿಯೊ ಕೊಲೊರಾಡೊ ಅನ್ನುವ ಊರಿನ ಹೆಸರಿನಲ್ಲೇ ನದಿ ಇದೆ. ಅಲ್ಲಿನ ಸೇತುವೆಯ ಕೆಳಗೆ ಮಾತ್ರ ವರ್ಷಗಟ್ಟಲೆ ಬರೀ ಮರಳು. ನೀರು ಬರುತ್ತದೆ ಅಂತ ಕೇಳಿ ಜನ ನದಿಯ ಒಣ ಪಾತ್ರಕ್ಕೆ ಇಳಿದು ಬಂದರು. ನೀರು ರಭಸವಾಗಿ ಬರಲಿಲ್ಲ. ಮರಳು ಕುಡಿಯುತ್ತಾ, ನೊರೆ ಕಟ್ಟುತ್ತಾ, ಒಣ ಎಲೆ ಕಡ್ಡಿಗಳನ್ನು ತಳ್ಳಿಕೊಂಡು ನಡಿಗೆಯ ವೇಗದಲ್ಲಿ ಬಂತು. ಹುಟ್ಟಿದಾಗಿನಿಂದ ಆ ನದಿಯಲ್ಲಿ ನೀರನ್ನೇ ನೋಡದ ಮಕ್ಕಳು ಅದರೊಳಗೆ ಕುಣಿದರು, ಈಜಿದರು. ದೊಡ್ಡವರು ಕಾಲು ಇಳಿಬಿಟ್ಟು ಕೂತರು. ಮೇ ತಿಂಗಳಲ್ಲಿ ಆ ನೀರಿನ ಒಂದು ತೆಳು ಎಳೆ ಕ್ಯಾಲಿಫೋರ್ನಿಯಾ ಕೊಲ್ಲಿಯನ್ನು ಮುಟ್ಟಿತು.